ನಾಯಿ ಮುದ್ರೆಯ ಕಪ್ಪು

ನನಗೆ ಕುಡಿತವಿರಲಿಲ್ಲ, ಇಸ್ಪೀಟಿರಲಿಲ್ಲ, ಎಲೆ ಅಡಿಕೆಯೂ ಇರಲಿಲ್ಲ. ಮಾನ್ವಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರನೊಬ್ಬನಲ್ಲಿ ಇಷ್ಟೊಂದು ಸದ್ಗುಣಗಳು ಕಂಡರೆ ಊರಿನವರಿಗೆ ಅನುಮಾನ ಬರುತ್ತದೆ. ಎಲ್ಲೋ ಒಂದು ಕಡೆ ಹುಳುಕು ಇರಲೇಬೇಕೆಂದು ಅವರು ತಾಳ್ಮೆಯಿಂದ ಕಾದರು. ಎಪ್ಪತ್ತರ ದಶಕದ ನಡುವೆ ಅದು ಹೊರಬಿತ್ತು. ಮಾಸ್ತರ ರಾಯಚೂರಿಗೆ ಹೋಗಿ ಹಳೇ ಕಪ್ಪು ಬಸಿ ಕೊಂಡು ತರುತ್ತಾನೆ, ತಂದು ಗಾಜಿನ ಬೀರುವಿನಲ್ಲಿಟ್ಟು ಕೀಲಿ ಹಾಕುತ್ತಾನೆ, ಅದರಲ್ಲಿ ತಾನೂ ಚಹ ಕುಡಿಯುವುದಿಲ್ಲ, ಬಂದವರಿಗೂ ಕೊಡುವುದಿಲ್ಲ. ಇದಕ್ಕಿಂತ ಇಸ್ಪೀಟೇ ವಾಸಿಯಿತ್ತು ಎಂದು ನನ್ನ ಹೆಂಡತಿ ಅನ್ನುತ್ತಿದ್ದಳು. ಇಸ್ಪೀಟಿನಲ್ಲಿ ಒಮ್ಮೊಮ್ಮೆಯಾದರೂ ಗೆಲ್ಲುತ್ತಾರಂತೆ.

ಮೊದಲ ಕಪ್ಪು ಸಿಕ್ಕಿದ್ದು ರಾಯಚೂರಿನ ತೀನ್ ಕಂದೀಲ್ ಹತ್ತಿರದ ಒಂದು ಓಣಿಯಲ್ಲಿ. ಅಲ್ಲೊಬ್ಬ ಮುದುಕರು ಹಳೇ ಸಾಮಾನಿನ ಅಂಗಡಿ ಇಟ್ಟಿದ್ದರು. ಗಿರಾಕಿಗಳೆಲ್ಲ ಅವರನ್ನು ಚಾಚಾ ಅನ್ನುತ್ತಿದ್ದರು. ನಿಜಾಮರ ಕಾಲದ ಹವೇಲಿಗಳು ಒಂದೊಂದಾಗಿ ಖಾಲಿಯಾಗುವಾಗ ಅಲ್ಲಿಯ ಗೋಡೆ ಗಡಿಯಾರ, ಕಾಲು ಮುರಿದ ಕುರ್ಚಿ, ಪಟ ಇಲ್ಲದ ಚೌಕಟ್ಟು ಎಲ್ಲವೂ ಚಾಚಾನ ಅಂಗಡಿಗೆ ಬಂದು ಬೀಳುತ್ತಿದ್ದವು. ನಾನು ಹೋಗಿದ್ದು ಕಂದೀಲಿನ ಗಾಜು ಕೇಳಲಿಕ್ಕೆ. ಚಾಚಾ ಗಾಜು ಹುಡುಕುತ್ತ ಹುಡುಕುತ್ತ ಒಂದು ಕಪ್ಪನ್ನು ಎತ್ತಿ ಪಕ್ಕಕ್ಕಿಟ್ಟರು. ಹಾಗೇ ಇಟ್ಟಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ಆದರೆ ಅವರು ನನ್ನ ಮುಖ ನೋಡಿ, ಅದನ್ನು ಮತ್ತೆ ಎತ್ತಿ ಬಿಸಿಲಿಗೆ ಹಿಡಿದು, ಅದರ ಹಿಂದೆ ತಮ್ಮ ಐದು ಬೆರಳು ಆಡಿಸಿದರು. ಬೆರಳುಗಳ ನೆರಳು ಕಪ್ಪಿನ ಗೋಡೆ ದಾಟಿ ನನ್ನ ಕಡೆ ಕಂಡಿತು.

ಬಣ್ಣ ಹಾಲಿನ ಕೆನೆಯದು. ಮೈಯೆಲ್ಲ ಸಮುದ್ರದ ಚಿಪ್ಪಿನ ಗೆರೆಗಳು, ಹಿಡಿಕೆ ಹವಳದ ಕಡ್ಡಿಯ ಹಾಗೆ ಗಂಟುಗಂಟಾಗಿತ್ತು. ತಿರುವಿ ನೋಡಿದರೆ ತಳದಲ್ಲಿ ಒಂದು ಕರಿ ಮುದ್ರೆ. ಕತ್ತು ಹೊರಳಿಸಿ ಕೂತ ಬೇಟೆನಾಯಿ, ಅದರ ಪಕ್ಕ ತಂತಿಗಳ ಒಂದು ವಾದ್ಯ, ಹಿಂದೆ ದುಂಡನೆಯ ಗೋಪುರ. ಸಮುದ್ರವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ, ಅಂಥ ವಾದ್ಯವನ್ನೂ ಕಂಡಿರಲಿಲ್ಲ. ನಾಯಿ ಮಾತ್ರ ಪರಿಚಯದ್ದಾಗಿತ್ತು. ಕಂದೀಲಿನ ಗಾಜು ಬಿಟ್ಟು ಕಪ್ಪನ್ನು ರುಮಾಲಿನಲ್ಲಿ ಸುತ್ತಿಕೊಂಡು ಬಂದೆ. ಆ ತಿಂಗಳೆಲ್ಲ ನಮ್ಮ ಮನೆಯ ಕಂದೀಲು ಹೊಗೆಯಾಡಿತು.

ಅದು ಯಾವ ದೇಶದ್ದೆಂದು ಚಾಚಾಗೂ ಗೊತ್ತಿರಲಿಲ್ಲ. ಬಿಳಿಯ ವಸ್ತುಗಳೆಲ್ಲ ಅವರಿಗೆ ವಿಲಾಯತಿಯೇ. ಮುಂದೆ ಯಾವುದೋ ತರಬೇತಿಗೆ ಹೈದರಾಬಾದಿಗೆ ಹೋದಾಗ, ಫುಟ್‌ಪಾತಿನಲ್ಲಿ ರಟ್ಟು ಕಿತ್ತ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಪಿಂಗಾಣಿಯ ಮುದ್ರೆಗಳನ್ನು ಗುರುತಿಸುವ ಪುಸ್ತಕ. ಅದರ ಪ್ರಕಾರ ನನ್ನ ಕಪ್ಪು ಇಂಗ್ಲೆಂಡಿನದಲ್ಲ, ಐರ್ಲೆಂಡಿನದು. ಮುದ್ರೆಯ ಕೆಳಗೆ ದೇಶದ ಹೆಸರಿದ್ದರೆ ಈಚಿನದು, ಇಲ್ಲದಿದ್ದರೆ ಹಳೆಯದು. ನನ್ನದರಲ್ಲಿ ಇರಲಿಲ್ಲ. ನನಗಾದ ಸಂತೋಷವನ್ನು ಹಂಚಿಕೊಳ್ಳಲು ಇಡೀ ಮಾನ್ವಿ ತಾಲೂಕಿನಲ್ಲಿ ಒಬ್ಬರೂ ಇರಲಿಲ್ಲವಾದ್ದರಿಂದ ಹೆಂಡತಿಗೇ ಹೇಳಿದೆ. ಐರ್ಲೆಂಡಿನವರೂ ನಮ್ಮ ಹಾಗೆಯೇ ಇಂಗ್ಲಿಷರ ಕಾಲ ಕೆಳಗೆ ನರಳಿದವರು, ಅವರ ಕಪ್ಪು ನಮ್ಮಂಥವರ ಮನೆಯಲ್ಲಿರುವುದೇ ನ್ಯಾಯ ಎಂದು ದೊಡ್ಡ ಭಾಷಣ ಮಾಡಿದೆ. ಅಷ್ಟು ನರಳಿದವರಿಗೆ ಇಷ್ಟು ತೆಳ್ಳಗಿನ ಕಪ್ಪು ಮಾಡಿಕೊಂಡು ಕೂಡಲಿಕ್ಕೆ ಪುರುಸೊತ್ತು ಹೇಗೆ ಸಿಕ್ಕಿತು ಎಂದು ಅವಳು ಕೇಳಿದಳು.

ನಮ್ಮಂಥವರು ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಾವು ದೇವದುರ್ಗದ ಕಡೆಯ ಒಂದು ಹಳ್ಳಿಯ ಹೊರಕೇರಿಯವರು. ಅಪ್ಪ, ಅವ್ವ ಇಬ್ಬರೂ ಆ ಊರಿನ ಗೌಡರ ಮನೆಯಲ್ಲಿ ದುಡಿದವರು. ಅಪ್ಪ ಹೊಲದಲ್ಲಿ, ಅವ್ವ ದನದ ಕೊಟ್ಟಿಗೆಯಲ್ಲಿ. ನನ್ನನ್ನು ಏಳನೇ ವಯಸ್ಸಿಗೇ ಸರಕಾರಿ ಹಾಸ್ಟೆಲಿಗೆ ಅಟ್ಟಿದ್ದರಿಂದ ನಾನು ದನ ಕಾಯುವುದು ತಪ್ಪಿತು, ಮುಂದೆ ಷೇಕ್‌ಹ್ಯಾಂಡು, ಟೈ, ಗುಡ್ ಮಾರ್ನಿಂಗ್ ಎಲ್ಲ ಕಲಿತೆ. ಕಲಿತವನಿಗೆ ಒಂದು ಚಟ ಬೇಕಾಗುತ್ತದೆ. ಸಾಹೇಬರ ಚಟವೇ ಆದರೆ ಇನ್ನೂ ಒಳ್ಳೆಯದು ಅಂತ ನನ್ನ ಮನಸ್ಸಿನಲ್ಲಿ ಇದ್ದಿರಬೇಕು. ಆಗ ಯಾರಾದರೂ ಹಾಗೆ ಅಂದಿದ್ದರೆ ಅವರ ಜೊತೆ ಮಾತು ಬಿಡುತ್ತಿದ್ದೆ.

ರಾಯಚೂರು ಹಳೇ ರೈಲ್ವೆ ಜಂಕ್ಷನ್. ಹಿಂದಿನ ಕಾಲದಲ್ಲಿ ಹಳಿ ಹಾಕಿಸಲಿಕ್ಕೆ, ಸೇತುವೆ ಕಟ್ಟಿಸಲಿಕ್ಕೆ ಬಂದ ದೊರೆಗಳು ಹೋಗುವಾಗ ಸಂಸಾರದ ಸಾಮಾನು ಇಲ್ಲೇ ಬಿಟ್ಟು ಹೋಗಿದ್ದರು. ಅದು ಬಟ್ಲರನ ಮನೆಗೆ, ಬಟ್ಲರನ ಮಗನ ಮನೆಗೆ, ಅಲ್ಲಿಂದ ಚಾಚಾನ ಅಂಗಡಿಗೆ ಇಳಿಯುತ್ತಿತ್ತು. ಏಳೆಂಟು ವರ್ಷಗಳಲ್ಲಿ ನನಗೆ ಮೊದಲನೆಯದೂ ಸೇರಿ ಅದೇ ಚಿಪ್ಪಿನ ನಮೂನೆಯ ಮೂರು ಕಪ್ಪು, ಐದು ಬಸಿ, ಒಂದು ಹಾಲಿನ ಜಗ್ಗು, ಮುಚ್ಚಳ ಕಳೆದುಕೊಂಡ ಸಕ್ಕರೆ ಬಟ್ಟಲು ಸಿಕ್ಕವು. ಎಲ್ಲವೂ ಒಂದೇ ಸೆಟ್ಟಿನವೆಂದು ನನ್ನ ನಂಬಿಕೆ. ಸೆಟ್ಟು ಅಂದರೆ ಆರು ಕಪ್ಪು, ಆರು ಬಸಿ, ಜಗ್ಗು, ಬಟ್ಟಲು, ನಡುವೆ ಚಹ ಸುರಿಯುವ ಮೂತಿಯ ಚಾದಾನಿ. ನಾನು ಪ್ರತಿ ಭಾನುವಾರ ಬಸ್ಸು ಹಿಡಿದು ಹೋಗುತ್ತಿದ್ದೆ. ಚಾಚಾ ನನಗೆ ಉಚಿತವಾಗಿ ಒಂದು ಬುದ್ಧಿಮಾತು ಹೇಳಿದ್ದರು. ಬೇಕು ಅನ್ನುವುದನ್ನು ಕಣ್ಣಿನಲ್ಲಿ ತೋರಿಸಬಾರದು, ಪಕ್ಕದ ಸಾಮಾನು ಕೇಳುತ್ತ ಕೇಳುತ್ತ ಬೇಕಾದ್ದನ್ನು ಎತ್ತಿಕೊಳ್ಳಬೇಕು. ಆ ವಿದ್ಯೆ ಅವರ ಅಂಗಡಿಯಲ್ಲಿ ಮಾತ್ರ ನಡೆಯುತ್ತಿರಲಿಲ್ಲ.

ಪ್ರತಿಯೊಂದು ಸಾಮಾನಿಗೂ ನಾನು ಒಂದು ನೋಟ್‌ಬುಕ್ಕಿನಲ್ಲಿ ಒಂದು ಪುಟ ಇಟ್ಟಿದ್ದೆ. ಎಲ್ಲಿ ಸಿಕ್ಕಿತು, ಎಷ್ಟು ಎತ್ತರ, ಎಲ್ಲಿ ಬಿರುಕು, ಯಾರು ಯಾರು ಬಳಸಿದ್ದರು. ಫುಟ್‌ಪಾತಿನ ಪುಸ್ತಕದಲ್ಲಿ ಹಾಗೆ ಬರೆದಿಡಬೇಕೆಂದಿತ್ತು. ಯಾರಾದರೂ ಮನೆಗೆ ಬಂದರೆ ಬೀರುವಿನ ಮುಂದೆ ನಿಲ್ಲಿಸಿ ನೋಟ್‌ಬುಕ್ಕು ತೆರೆಯುತ್ತಿದ್ದೆ. ಜೊತೆಯ ಮಾಸ್ತರರು ಸ್ಟೀಲ್ ಲೋಟದಲ್ಲಿ ಚಹ ಕುಡಿಯುತ್ತ, ಚಹದ ಕಪ್ಪುಗಳ ದರ್ಶನ ಮಾಡಿ, ಹೊರಗೆ ಹೋಗಿ ನಗುತ್ತಿದ್ದರು.

ಎಂಬತ್ತರ ದಶಕ ಶುರುವಾದ ಮೇಲೆ ಅಪ್ಪ ತೀರಿಕೊಂಡ. ಅಲ್ಲಿಯವರೆಗೂ ಹಳ್ಳಿ ಬಿಟ್ಟು ಕದಲದಿದ್ದ ಅವ್ವ ಒಂದು ಗಂಟು, ಒಂದು ಕಂಬಳಿ, ತನ್ನ ಹೆಸರು ಕೊರೆಸಿದ ಒಂದು ಸ್ಟೀಲ್ ಲೋಟ ಹಿಡಿದುಕೊಂಡು ಮಾನ್ವಿಗೆ ಬಂದಳು. ಬಂದ ಮೂರನೇ ದಿನ ಅವಳನ್ನೂ ಬೀರುವಿನ ಮುಂದೆ ನಿಲ್ಲಿಸಿದೆ. ಜೀವನದಲ್ಲಿ ನಾನು ಏನಾದರೂ ಗಳಿಸಿದ್ದೇನೆಂದು ತೋರಿಸಲಿಕ್ಕೆ ಮನೆಯಲ್ಲಿ ಬೇರೆ ಏನೂ ಇರಲಿಲ್ಲ. ಕೀಲಿ ತೆಗೆದು ಒಂದು ಕಪ್ಪನ್ನು ಅವಳ ಕೈಗೆ ಕೊಟ್ಟು, ಹುಷಾರವ್ವಾ ಅಂದೆ. ಎಲ್ಲರೂ ಮೊದಲು ಕಪ್ಪಿನ ಮೈ ನೋಡುತ್ತಾರೆ. ಅವ್ವ ನೇರವಾಗಿ ಬೋರಲು ಹಾಕಿ ತಳ ನೋಡಿದಳು.

"ಈ ನಾಯಿ ಇಲ್ಲಿತನಕ ಬಂತೇನಪಾ?" ಅಂದಳು.

ನನಗೆ ಅರ್ಥವಾಗಲಿಲ್ಲ. ಗೌಡರ ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಇಂಥವೇ ಮೂರು ಕಪ್ಪುಗಳಿದ್ದವು, ಆಳುಗಳಿಗೆ ಚಹ ಹಾಕುವುದು ಅದರಲ್ಲೇ, ತನ್ನದು ಕೊನೆಯದು ಎಂದು ಅವ್ವ ಹೇಳಿದಳು. ಕುಡಿದವರು ತಾವೇ ತೊಳೆದು ಬೋರಲು ಹಾಕಬೇಕಾಗಿತ್ತು, ಬೋರಲು ಹಾಕುವಾಗಲೆಲ್ಲ ನಾಯಿ ಮೇಲೆ ಬರುತ್ತಿತ್ತು. ಮೂವತ್ತು ವರ್ಷ ದಿನಕ್ಕೆರಡು ಸಲ ಆ ನಾಯಿಯ ಮುಖ ನೋಡಿದ್ದಳು. ನಾನು ಒಪ್ಪಲಿಲ್ಲ. ಇದು ಐರ್ಲೆಂಡಿನದು, ಅದು ಬೇರೆ ಯಾವುದೋ ಸಂತೆಯ ಮಾಲು ಇರಬೇಕು ಎಂದು ವಾದಿಸಿದೆ. ಅವ್ವ ಐರ್ಲೆಂಡಿಗೆ ಗೌರವ ಕೊಟ್ಟು ಸುಮ್ಮನಾದಳು. ಆಮೇಲೆ ಕಪ್ಪನ್ನು ಹಿಂದಿರುಗಿಸುತ್ತ, ಆ ಮನೆಯಲ್ಲಿ ಮೂತಿ ಇರುವ ಒಂದು ಬಿಳೀ ಚೆರಿಗೆಯೂ ಇತ್ತು, ಅದರಲ್ಲಿ ಕರುಗಳಿಗೆ ಔಷಧ ಕುಡಿಸುತ್ತಿದ್ದರು, ಒಂದು ಎಮ್ಮೆಕರು ಅದರ ಮೂತಿ ಕಚ್ಚಿ ಮುರಿಯಿತು ಅಂದಳು. ಎಂಟು ವರ್ಷ ನಾನು ಹುಡುಕಿದ ಚಾದಾನಿ ಅದು.

ಆ ಸಾಮಾನು ಗೌಡರ ಕೊಟ್ಟಿಗೆ ಸೇರಿದ ಕತೆ ಅವ್ವನಿಗೆ ಗೊತ್ತಿತ್ತು. ಗೌಡರ ಅಜ್ಜ ರೈಲ್ವೆ ಕೆಲಸಕ್ಕೆ ಬಂಡಿ ಎತ್ತು ಕಳಿಸಿದವನು. ದೊರೆ ಊರಿಗೆ ಹೊರಟಾಗ ಅರ್ಧ ಸೆಟ್ಟನ್ನು ಹುಲ್ಲಿನಲ್ಲಿ ಸುತ್ತಿ ಅವನಿಗೆ ಉಡುಗೊರೆ ಕೊಟ್ಟ. ಅದು ಮನೆ ಹೊಸ್ತಿಲು ದಾಟಿ ಅಡುಗೆ ಮನೆಗೆ ಹೋಗುವುದರೊಳಗೆ ಗೌಡರ ಅಜ್ಜಿ ತಡೆದಳು. ಬಿಳೀ ಮಣ್ಣಿನ ಸಾಮಾನಿನಲ್ಲಿ ದನದ ಎಲುಬು ಅರೆದು ಹಾಕುತ್ತಾರೆಂದು ಆ ಅಜ್ಜಿಗೆ ಯಾರೋ ಹೇಳಿದ್ದರು. ಕಂಚು, ಹಿತ್ತಾಳೆಯಾದರೆ ಬೆಂಕಿ ಕಾಣಿಸಿ ಬಳಸಬಹುದು, ಮಣ್ಣಿಗೆ ಹತ್ತಿದ ಮೈಲಿಗೆ ಹೋಗುವುದಿಲ್ಲ. ಹಾಗೆಂದು ದೊರೆ ಕೊಟ್ಟಿದ್ದನ್ನು ಎಸೆಯುವ ಹಾಗೂ ಇಲ್ಲ. ಎಲುಬಿನ ಸಾಮಾನಿಗೆ ಯೋಗ್ಯರಾದವರು ಕೊಟ್ಟಿಗೆಯಲ್ಲಿ ಇದ್ದೇ ಇದ್ದರು. ಹೀಗೆ ಗೌಡರ ಮನೆಯವರು ಮೂರು ತಲೆಮಾರು ಹಿತ್ತಾಳೆಯ ಲೋಟದಲ್ಲಿ ಬೆರಳು ಸುಟ್ಟುಕೊಂಡು ಚಹ ಕುಡಿದರು. ನಮ್ಮ ಕೇರಿಯವರು ಐರ್ಲೆಂಡಿನ ಪಿಂಗಾಣಿಯಲ್ಲಿ ಕುಡಿದರು. ನನ್ನ ಪುಸ್ತಕದ ಪ್ರಕಾರ ಎಲುಬಿನ ಬೂದಿ ಸೇರಿಸುವುದು ಇಂಗ್ಲೆಂಡಿನವರು, ಐರ್ಲೆಂಡಿನ ಈ ಪಿಂಗಾಣಿಯಲ್ಲಿ ಎಲುಬಿನ ಪುಡಿ ಚೂರೂ ಇರಲಿಲ್ಲ. ಅಜ್ಜಿಗೆ ಅದನ್ನು ಹೇಳುವವರು ಯಾರೂ ಇರಲಿಲ್ಲ.

ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನನ್ನ ವಿಷಯದಲ್ಲಿ ಗಿಡ ಕೊಟ್ಟಿಗೆಯಲ್ಲಿತ್ತು. ಅವ್ವ ದಿನವೂ ತೊಳೆದಿಟ್ಟ ಕಪ್ಪಿನ ಜೋಡಿಗಳನ್ನು ನಾನು ಸಂಬಳ ಸುರಿದು, ಚಾಚಾನ ಕಾಲು ಹಿಡಿದು ತಂದಿದ್ದೆ. ನಾಚಿಕೆಯಾಗಬೇಕಿತ್ತು. ಆದರೆ ನನ್ನ ತಲೆಯಲ್ಲಿ ಓಡಿದ್ದು ಒಂದೇ ಲೆಕ್ಕ. ನನ್ನಲ್ಲಿ ಮೂರು, ಅಲ್ಲಿ ಮೂರು, ಒಟ್ಟು ಆರು. ಅದರಲ್ಲೂ ಅವ್ವ ಕುಡಿದ ಕಪ್ಪು ನನಗೆ ಬೇಕೇಬೇಕು ಅನ್ನಿಸಿತು. ಅದನ್ನು ಬೀರುವಿನ ನಡುವೆ ಇಟ್ಟರೆ ಇಡೀ ಸಂಗ್ರಹಕ್ಕೆ ಒಂದು ಅರ್ಥ ಬರುತ್ತದೆ, ಅವ್ವನಿಗೂ ನ್ಯಾಯ ಸಿಕ್ಕ ಹಾಗಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಇವೆರಡರಲ್ಲಿ ಯಾವುದು ಮೊದಲು ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಅವ್ವ ಕೇಳಿದಳೆಂದೇ ಹೇಳಬೇಕು. ಹೋಗಬೇಡ ಅಂದಳು. ನಾನು ಅಲ್ಲಿಂದ ಎದ್ದು ಬಂದಿದ್ದೇನೆ, ನೀನು ಮತ್ತೆ ಅಲ್ಲಿಗೇ ಹೊರಟಿದ್ದೀಯಲ್ಲ ಅಂದಳು. ನಿನ್ನ ಕಪ್ಪು ನಿನಗೆ ತಂದುಕೊಡುತ್ತೇನೆ ಎಂದು ನಾನು ದೊಡ್ಡ ದನಿಯಲ್ಲಿ ಹೇಳಿದೆ.

"ಅದು ನಂದ್ಯಾವಾಗ ಆಗಿತ್ತೋ ಯಪ್ಪಾ. ನನಗ ಹಾಕ್ತಿದ್ದ ಕಪ್ಪು ಅದು."

ಇಂಗ್ಲಿಷ್ ಮಾಸ್ತರನಿಗೆ ಆ ಎರಡರ ನಡುವಿನ ವ್ಯತ್ಯಾಸ ಹೊಳೆಯಲಿಲ್ಲ. ಮುಂದಿನ ಭಾನುವಾರ ರಾಯಚೂರಿನ ಬದಲು ದೇವದುರ್ಗದ ಬಸ್ಸು ಹತ್ತಿದೆ, ಅಲ್ಲಿಂದ ಜಾಲಹಳ್ಳಿ ಬಸ್ಸು ಹಿಡಿದು ದಾರಿಯಲ್ಲಿ ಇಳಿದು, ಎರೆ ಹೊಲದ ಬದುಗುಂಟ ನಡೆದೆ. ಇಸ್ತ್ರಿ ಮಾಡಿದ ಬುಶ್‌ಶರ್ಟು, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ನೋಟ್‌ಬುಕ್ಕು, ಚೀಲದಲ್ಲಿ ಅಳೆಯುವ ಪಟ್ಟಿ, ಕಪ್ಪು ಸುತ್ತಲಿಕ್ಕೆ ಹೆಂಡತಿಯ ಹಳೇ ಸೀರೆ. ಚಾಚಾನ ಬುದ್ಧಿಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ.

ಗೌಡರು ಪಡಸಾಲೆಯಲ್ಲಿ ಕೂತಿದ್ದರು. ಅರವತ್ತು ದಾಟಿದ್ದರೂ ಗಟ್ಟಿಮುಟ್ಟು. ಚಿಕ್ಕಂದಿನಲ್ಲಿ ನನ್ನನ್ನು ಲೇ ಎಂದು ಕರೆದು ಅಭ್ಯಾಸವಾದ ಬಾಯಿ, ಆ ದಿನ ಸ್ವಲ್ಪ ತಡವರಿಸಿ ಬರ್ರಿ ಮಾಸ್ತರ ಅಂದಿತು. ಕಬ್ಬಿಣದ ಕುರ್ಚಿ ಹಾಕಿಸಿದರು. ಅಪ್ಪ ತೀರಿಕೊಂಡದ್ದಕ್ಕೆ ಎರಡು ಮಾತಾಡಿದರು, ನಾನು ಮಳೆ ಬೆಳೆ ವಿಚಾರಿಸಿದೆ. ಒಳಗಿನಿಂದ ಚಹದ ವಾಸನೆ ಬಂತು. ಈಗ ಚಹ ಯಾವುದರಲ್ಲಿ ಬರುತ್ತದೆ? ಕೊಟ್ಟಿಗೆಯ ಕಪ್ಪಿನಲ್ಲಿ ಕೊಟ್ಟರೆ ಅದು ನನಗೆ ಅವಮಾನ, ಬಿ.ಎ., ಬಿ.ಎಡ್. ಆದವನಿಗೆ ದೊಡ್ಡ ಅವಮಾನ. ಆದರೆ ಕಪ್ಪು ಮಾತ್ರ ನನ್ನ ಕೈಗೆ ಬರುತ್ತದೆ. ದೇವರೆ, ಇವರು ಹಳೇ ಪದ್ಧತಿ ಬಿಟ್ಟಿರದಿರಲಿ ಎಂದು ಬೇಡಿಕೊಂಡೆ. ನಮ್ಮ ಕೇರಿಯಲ್ಲಿ ಅವಮಾನಕ್ಕಾಗಿ ಹರಕೆ ಹೊತ್ತವನು ನಾನೊಬ್ಬನೇ ಇರಬೇಕು.

ಒಳಗಿನಿಂದ ಬಂದದ್ದು ಫಳಫಳ ಹೊಳೆಯುವ ಹೊಸ ಸ್ಟೀಲ್ ಲೋಟ. ಗೌಡರಿಗೂ ಅಂಥದ್ದೇ. ಸಮಾನತೆ ಆ ಮನೆಗೆ ಸರಿಯಾಗಿ ಆ ದಿನವೇ ಕಾಲಿಟ್ಟು ನನ್ನ ಹೊಟ್ಟೆಯ ಮೇಲೆ ಹೊಡೆಯಿತು. ಚಹ ಕುಡಿದೆ, ಚೆನ್ನಾಗಿಯೇ ಇತ್ತು. ಈಗ ಎಲ್ಲಾ ಬದಲಾಗ್ಯಾದ ಮಾಸ್ತರ, ನಾವೂ ತಿಳಕೊಂಡೀವಿ ಎಂದು ಗೌಡರು ನನ್ನ ಮುಖ ನೋಡುತ್ತ ಹೇಳಿದರು. ಅವರಿಗೆ ಆ ಮಾತು ಹೇಳಲು ಒಂದು ಕಾರಣವಿತ್ತು. ಪಕ್ಕದ ಊರಿನಲ್ಲಿ ಒಬ್ಬ ಹೋಟೆಲ್ಲಿನವನು ನಮ್ಮವರಿಗೆ ಬೇರೆ ಕಪ್ಪು ಇಟ್ಟಿದ್ದನೆಂದು ಕೇಸಾಗಿ, ಪೊಲೀಸರು ಆ ಕಪ್ಪುಗಳನ್ನು ಸಾಕ್ಷಿಗೆಂದು ಒಯ್ದಿದ್ದರು. ಆ ಸುದ್ದಿ ನನಗೂ ಗೊತ್ತಿತ್ತು. ಗೊತ್ತಿದ್ದೂ ಮರೆತಿದ್ದೆ. ಕಪ್ಪಿನ ಆಸೆ ಹತ್ತಿದವನಿಗೆ ಬೇರೆ ಯಾವುದೂ ನೆನಪಿರುವುದಿಲ್ಲ.

ಚಾಚಾನ ಪಾಠದಂತೆ ಪಕ್ಕದ ಸಾಮಾನು ಕೇಳಿದೆ. ಅಪ್ಪ ಅವ್ವ ದುಡಿದ ಜಾಗ, ಒಮ್ಮೆ ಕೊಟ್ಟಿಗೆ ನೋಡಿ ಹೋಗುತ್ತೇನೆ ಅಂದೆ. ಗೌಡರು ಜೊತೆಗೇ ಬಂದರು. ಇಬ್ಬರು ಆಳುಗಳು ಸಗಣಿ ಬಳಿಯುತ್ತಿದ್ದರು, ಒಬ್ಬ ಅಪ್ಪನ ಓರಗೆಯವನು. ಗೋಡೆಯ ಗೂಡಿನಲ್ಲಿ ಮೂರು ಕಪ್ಪುಗಳು ಬೋರಲಾಗಿ ಕೂತಿದ್ದವು. ಹೊಗೆ, ಧೂಳು, ಚಹದ ಕಲೆ ಹತ್ತಿ ಕಂದು ಬಣ್ಣಕ್ಕೆ ತಿರುಗಿದ್ದವು. ಹಾಸ್ಟೆಲಿನ ರಜೆಯಲ್ಲಿ ಬಂದಾಗ ನಾನು ಇವನ್ನು ನೋಡಿದ್ದೆ. ಏನೋ ಹೊಲಸು ಬಟ್ಟಲು ಎಂದು ಮುಖ ತಿರುಗಿಸಿದ್ದೆ. ಕೊನೆಯದನ್ನು ಎತ್ತಿಕೊಂಡೆ. ನಾಯಿ, ವಾದ್ಯ, ಗೋಪುರ. ದೇಶದ ಹೆಸರಿಲ್ಲ. ಬಾಗಿಲ ಬೆಳಕಿಗೆ ಹಿಡಿದು ಹಿಂದೆ ಕೈ ಆಡಿಸಿದೆ. ಅಷ್ಟೆಲ್ಲ ಕಲೆಯ ನಡುವೆಯೂ ಬೆರಳು ಕಂಡಿತು. ನನ್ನ ಕಣ್ಣಲ್ಲಿ ನೀರು ಬಂತು. ಅದು ಅವ್ವನಿಗಾಗಿಯೋ ಮುದ್ರೆಗಾಗಿಯೋ ಈಗಲೂ ಖಚಿತವಾಗಿ ಹೇಳಲಾರೆ.

ಆಮೇಲೆ ನಾನು ಮಾಡಿದ್ದು ಅಭ್ಯಾಸಬಲದಿಂದ. ನೋಟ್‌ಬುಕ್ಕು ತೆರೆದೆ. ಪಟ್ಟಿ ಹಿಡಿದು ಎತ್ತರ ಅಳೆದೆ. ಗೂಡು ಯಾವ ಗೋಡೆಯಲ್ಲಿದೆ, ನೆಲದಿಂದ ಎಷ್ಟು ಮೇಲೆ ಎಂದು ಬರೆದೆ. ಮುದ್ರೆಯ ಚಿತ್ರ ತೆಗೆದೆ. ಮುದುಕ ಆಳನ್ನು ಕರೆದು, ಇದರಲ್ಲಿ ಯಾರು ಯಾರು ಕುಡಿಯುತ್ತಾರೆ, ಎಷ್ಟು ವರ್ಷದಿಂದ, ತೊಳೆಯುವವರು ಯಾರು ಎಂದು ಒಂದೊಂದಾಗಿ ಕೇಳಿ ಅವನು ಹೇಳಿದ ಹಾಗೇ ಬರೆದುಕೊಂಡೆ. ಅವನು ಹೇಳುವ ಮುಂಚೆ ಪ್ರತಿ ಸಲ ಗೌಡರ ಮುಖ ನೋಡುತ್ತಿದ್ದ. ನಾನು ಯಾರ ಮುಖವನ್ನೂ ನೋಡಲಿಲ್ಲ. ಬರೆದು ಮುಗಿಸಿ, ಕಪ್ಪನ್ನು ಎದೆಗೆ ಹಿಡಿದುಕೊಂಡು ಕೇಳಿದೆ.

"ಗೌಡ್ರ, ಇದು ನಮ್ಮವ್ವ ಕುಡೀತಿದ್ದ ಕಪ್ಪು. ಇದನ್ನ ನನಗ ಕೊಡ್ರಿ. ಇಟಗೊಂಡು ನಾಕ ಮಂದಿಗೆ ತೋರಸ್ತೀನಿ."

ತಲೆ ಎತ್ತಿ ನೋಡಿದರೆ ಗೌಡರ ಮುಖದಲ್ಲಿ ರಕ್ತವಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಹಳೇ ಮಾತು. ನಾನು ಕಳ್ಳ ಅಂತಲೂ ಅಂದಿರಲಿಲ್ಲ, ಬರೀ ಕುಂಬಳಕಾಯಿ ಕೊಡಿ ಅಂದಿದ್ದೆ. ಗೌಡರ ಕಣ್ಣಿಗೆ ನಾನು ಪಂಚನಾಮೆ ಬರೆಯುತ್ತಿದ್ದ ಹಾಗೆ ಕಂಡಿತ್ತು. ಅಳತೆ ಆಯಿತು, ಜಾಗದ ಗುರುತು ಆಯಿತು, ಸಾಕ್ಷಿಯ ಹೇಳಿಕೆ ಆಯಿತು, ಈಗ ಮಾಲು ಜಪ್ತಿಗೆ ಕೇಳುತ್ತಿದ್ದೇನೆ, ನಾಕು ಮಂದಿಗೆ ತೋರಿಸುತ್ತೇನೆ ಅಂತಲೂ ಹೇಳುತ್ತಿದ್ದೇನೆ. ನಾನು ಗಾಬರಿಯಾಗಿ ಹಾಗಲ್ಲ ಗೌಡರೆ, ಇದು ಐರ್ಲೆಂಡಿನ ಪಿಂಗಾಣಿ, ಬಹಳ ಅಪರೂಪದ್ದು, ಚಂದ ಅಂತ ಕೇಳಿದೆ ಎಂದು ವಿವರಿಸಹೋದೆ. ಕೊಟ್ಟಿಗೆಯ ಕಪ್ಪು ಚಂದ ಅಂತ ಒಬ್ಬ ಮಾಸ್ತರ ಎರಡು ಬಸ್ಸು ಹತ್ತಿ ಬರುತ್ತಾನೆಂದರೆ ಯಾರು ನಂಬುತ್ತಾರೆ? ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಗೌಡರು ಬುದ್ಧಿವಂತರು. ನನ್ನ ಕೈಯಿಂದ ಕಪ್ಪನ್ನು ಮೆಲ್ಲಗೆ ಬಿಡಿಸಿಕೊಂಡರು. ಪಡಸಾಲೆಗೆ ನಡೆದು, ನನ್ನನ್ನೂ ಇಬ್ಬರು ಆಳುಗಳನ್ನೂ ಬರಹೇಳಿದರು. ಹುಣಸೆಹಣ್ಣು, ಬೂದಿ ಹಚ್ಚಿ ಕಪ್ಪನ್ನು ತೊಳೆಸಿದರು, ಮತ್ತೊಮ್ಮೆ ತೊಳೆಸಿದರು. ಆಮೇಲೆ ಅದಕ್ಕೆ ಚಹ ಹಾಕಲಿಕ್ಕೆ ಹೇಳಿದರು. ಬಾಗಿಲಲ್ಲಿ ನಿಂತ ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೂರು ತಲೆಮಾರಿನಿಂದ ಹೊಸ್ತಿಲ ಹೊರಗಿದ್ದ ಎಲುಬಿನ ಸಾಮಾನಿಗೆ ಚಹ ಬಿತ್ತು. ಗೌಡರು ಅದನ್ನು ಎರಡೂ ಕೈಯಲ್ಲಿ ಎತ್ತಿ, ಒಂದು ಕ್ಷಣ ಕಣ್ಣು ಮುಚ್ಚಿ, ಅವ್ವ ಬಾಯಿಟ್ಟ ಅಂಚಿಗೆ ಬಾಯಿಟ್ಟರು. ನಡುವೆ ಎಲ್ಲೂ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಕುಡಿಯಲಾಗುವುದಿಲ್ಲವೆಂದು ಅವರಿಗೇ ಗೊತ್ತಿತ್ತೆಂದು ಕಾಣುತ್ತದೆ. ಗಂಟಲು ಏರಿಳಿಯುವುದನ್ನು ಮುದುಕ ಆಳು ಕಣ್ಣು ಮಿಟುಕಿಸದೆ ನೋಡಿದ. ಕೊನೆಗೆ ಗೌಡರು ಖಾಲಿ ಕಪ್ಪನ್ನು ನನ್ನ ಕಡೆ ತಿರುಗಿಸಿ ತಳ ತೋರಿಸಿದರು.

"ಇದು ಮನಿ ಕಪ್ಪರೀ ಮಾಸ್ತರ. ನಾವ ಕುಡಿಯಾದು. ಇದನ್ನೂ ಬರಕೊಳ್ರಿ."

ಬರೆದುಕೊಂಡೆ. ಬೇರೇನು ಮಾಡಲಿ? ನನಗೆ ನಗು ಬರಬೇಕಿತ್ತು, ಬರಲಿಲ್ಲ. ಸಿಟ್ಟೂ ಬರಲಿಲ್ಲ. ನನ್ನ ನಾಲ್ಕನೇ ಕಪ್ಪು ಕಣ್ಣೆದುರಿಗೇ ಕೈ ತಪ್ಪಿ ಹೋಯಿತಲ್ಲ ಎಂಬ ಸಂಕಟವೊಂದೇ ಇತ್ತು. ಗೌಡರ ಹೆಂಡತಿ ಉಳಿದೆರಡನ್ನೂ ಕೊಟ್ಟಿಗೆಯಿಂದ ತರಿಸಿ, ಮೂರೂ ಕಪ್ಪುಗಳನ್ನು ಒಳಗೊಯ್ದು ಗೋಡೆಯ ಕಪಾಟಿನಲ್ಲಿ, ಬೆಳ್ಳಿ ಸಾಮಾನಿನ ಪಕ್ಕ ಇಟ್ಟದ್ದು ನಾನು ಕೂತಲ್ಲಿಂದ ಕಾಣುತ್ತಿತ್ತು. ಒಂದನ್ನಾದರೂ ಕೊಡಿ ಎಂದು ಕಡೆಯ ಸಲ ಕೇಳಿದೆ. ಮನೆಯವರು ಕುಡಿಯುವ ಕಪ್ಪನ್ನು ಹೊರಗಿನವರಿಗೆ ಹೇಗೆ ಕೊಡಲಿಕ್ಕೆ ಬರುತ್ತದೆ ಎಂದು ಗೌಡರು ಕೇಳಿದರು. ನಾನು ಹೊರಡುವ ಹೊತ್ತಿಗೆ ಆಳುಗಳಿಗೆ ಮೂರು ಹೊಸ ಸ್ಟೀಲ್ ಲೋಟ ಬಂದಿದ್ದವು. ಅವನ್ನು ಕೊಟ್ಟಿಗೆಯ ಗೂಡಿನಲ್ಲಿ ಬೋರಲು ಹಾಕಿದ್ದರು.

ಸಂಜೆ ಮಾನ್ವಿಗೆ ಬಂದಾಗ ಅವ್ವ ಕಟ್ಟೆಯ ಮೇಲೆ ಕೂತು ಅವರೆ ಬಿಡಿಸುತ್ತಿದ್ದಳು. ನನ್ನ ಖಾಲಿ ಕೈ ನೋಡಿದಳು. ನಾನೇ ಹೇಳಿದೆ. ನೋಟ್‌ಬುಕ್ಕಿನ ಭಾಗ ಬಂದಾಗ ನನ್ನ ಹೆಂಡತಿ ಒಳಗಿನಿಂದಲೇ ಹಣೆ ಚಚ್ಚಿಕೊಂಡಳು. ಗೌಡರು ಕಪ್ಪು ಎತ್ತಿದ ಭಾಗ ಬಂದಾಗ ಅವ್ವನ ಕೈ ನಿಂತಿತು. ಯಾವ ಕಪ್ಪು ಎಂದು ಕೇಳಿದಳು. ಕೊನೆಯದು, ನಿನ್ನದೇ ಅಂದೆ. ಮತ್ತೊಮ್ಮೆ ಹೇಳು ಅಂದಳು, ಹೇಳಿದೆ. ಊದಿ ಕುಡಿದನೋ ಹಾಗೇ ಕುಡಿದನೋ, ಮುಖ ಹೇಗಿತ್ತು, ಗೌಡತಿ ಎಲ್ಲಿ ನಿಂತಿದ್ದಳು, ಮುದುಕ ನೋಡಿದನೋ ಇಲ್ಲವೋ ಎಂದು ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳಿದಳು. ನಾನು ಮೂರನೇ ಸಲ ಹೇಳುವಾಗ ಅವ್ವ ನಗಲಿಕ್ಕೆ ಶುರು ಮಾಡಿದಳು. ಅವರೆಯ ಮೊರ ಮಡಿಲಿನಿಂದ ಜಾರಿತು. ಅವ್ವ ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆ ನಗೆ ನೋಡಿ ನನಗೆ ಏನೋ ಆಯಿತು. ಒಳಗೆ ಹೋಗಿ ಬೀರುವಿನ ಕೀಲಿ ತೆಗೆದೆ. ಎಲ್ಲಕ್ಕಿಂತ ಚೆನ್ನಾಗಿದ್ದ, ಒಂದು ಗೆರೆ ಬಿರುಕೂ ಇಲ್ಲದ ಕಪ್ಪನ್ನು ಎತ್ತಿ, ಎಂಟು ವರ್ಷದಲ್ಲಿ ಮೊದಲ ಸಲ ಅದಕ್ಕೆ ಚಹ ಹಾಕಿಸಿ, ಬಸಿಯ ಮೇಲಿಟ್ಟು ತಂದು ಅವ್ವನ ಮುಂದೆ ಹಿಡಿದೆ. ಇಷ್ಟು ದಿನ ನನ್ನ ಮನೆಯಲ್ಲೂ ಅವಳು ಕುಡಿಯಬಾರದ ಕಪ್ಪುಗಳಿದ್ದವು ಎಂಬುದು ಆಗ ಹೊಳೆಯಿತು. ಇನ್ನು ಮೇಲೆ ಇದರಲ್ಲೇ ಕುಡಿಯವ್ವಾ ಅಂದೆ. ಅವ್ವನ ಕಣ್ಣಲ್ಲಿ ನೀರು ಬರುತ್ತದೆ ಎಂದು ಕಾದೆ.

ಅವ್ವ ನಗು ನಿಲ್ಲಿಸಿ ಕಪ್ಪನ್ನು ನೋಡಿದಳು. ಕೈ ಚಾಚಲಿಲ್ಲ.

"ನಿನ್ನ ಕಣ್ಣಿಗೆ ಚಂದ ಕಾಣ್ತದಪ್ಪಾ ಅದು. ನನಗ ಸಗಣಿ ವಾಸನಿ ಬರ್ತದ. ನೀನ ಕುಡಿ."

ತನ್ನ ಸ್ಟೀಲ್ ಲೋಟ ತರಲು ಸೊಸೆಗೆ ಹೇಳಿದಳು. ನಾನು ಬಸಿ ಹಿಡಿದುಕೊಂಡು ಹಾಗೇ ನಿಂತಿದ್ದೆ. ಎಂಟು ವರ್ಷದ ಭಾನುವಾರಗಳು, ಫುಟ್‌ಪಾತಿನ ಪುಸ್ತಕ, ಐರ್ಲೆಂಡಿನ ಕಷ್ಟ ಯಾವುದೂ ಆ ಮಾತಿಗೆ ಸಾಟಿಯಿರಲಿಲ್ಲ. ಬಹಳ ನಾಚಿಕೆಯಾಯಿತು. ಆದರೂ ಸಂಗ್ರಹಕಾರನ ಬುದ್ಧಿ ಸುಲಭವಾಗಿ ಸಾಯುವುದಿಲ್ಲ. ಒಂದೆರಡು ವರ್ಷ ಬಿಟ್ಟು, ಗೌಡರ ಹೆದರಿಕೆ ಇಳಿದ ಮೇಲೆ, ಬೇರೆ ಯಾರನ್ನಾದರೂ ಕಳಿಸಿ ಆ ಕಪ್ಪು ತರಿಸಲೇನು ಎಂದು ಮೆಲ್ಲಗೆ ಕೇಳಿದೆ.

ಅವ್ವ ಚೆಲ್ಲಿದ ಅವರೆಯನ್ನು ಮೊರಕ್ಕೆ ಬಳಿದುಕೊಳ್ಳುತ್ತಿದ್ದಳು.

"ಗೌಡ ತಳದ ಮಟ ಕುಡದನಲ್ಲ?" ಅಂದಳು.

"ಕುಡದ್ನವ್ವಾ. ನಾನ ಕಣ್ಣಾರೆ ನೋಡೀನಿ."

"ಹಂಗಾದ್ರ ಅದು ಅಲ್ಲೇ ಇರ್ಲಿ ಬಿಡು."